ಅಧ್ಯಕ್ಷರ ಸೋರದ ಗರಗಸ

ಕೆಟ್ಟ ಮಿಷನ್ ರಿಪೇರಿ ಮಾಡಲಾಗುತ್ತದೆ ಅಂತ ಅಂಗಡಿಯ ಬೋರ್ಡಿನಲ್ಲಿ ಬರೆಸಿದ್ದೇನೆ. ನಿಜ ಹೇಳಬೇಕೆಂದರೆ ಮಿಷನ್ ಚೆನ್ನಾಗಿಯೇ ಇರುತ್ತದೆ, ತಂದವರದ್ದೇ ಏನೋ ಒಂದು ಕೆಟ್ಟಿರುತ್ತದೆ. ಗುಂಡ್ಲುಪೇಟೆಯಲ್ಲಿ ಅಂಗಡಿ ಇಟ್ಟಾಗಿನಿಂದ ಇದೊಂದು ನಿಂತಿಲ್ಲ.

ನಾನು ರಿಪೇರಿ ಮಾಡುವುದು ಕೈಯಲ್ಲಿ ಹಿಡಿದು ಮರ ಕುಯ್ಯುವ ಸಣ್ಣ ಚೈನ್ ಗರಗಸ. ಅದಕ್ಕೆ ಎರಡು ಟ್ಯಾಂಕು. ಒಂದಕ್ಕೆ ಪೆಟ್ರೋಲು, ಇನ್ನೊಂದಕ್ಕೆ ಚೈನ್ ಆಯಿಲ್. ಉದ್ದನೆಯ ಕಬ್ಬಿಣದ ಪಟ್ಟಿಯ ಸುತ್ತ ಚೈನು ಓಡುವಾಗ ಈ ಎಣ್ಣೆ ಜಿನುಗುತ್ತಲೇ ಇರಬೇಕು. ಇಲ್ಲದಿದ್ದರೆ ಚೈನು ಕಾದು ಹೊಗೆ ಏಳುತ್ತದೆ. ವಿದ್ಯೆ ಇಷ್ಟೇ. ಇಷ್ಟನ್ನೂ ಕಲಿಯಲು ಒಪ್ಪದವರ ಪುಣ್ಯದಿಂದ ನನ್ನ ಸಂಸಾರ ನಡೆಯುತ್ತಿದೆ.

ಬೋಂಡದ ಎಣ್ಣೆ

ಭೀಮನಬೀಡಿನ ಕಡೆಯ ರೈತರೊಬ್ಬರು ಮಿಷನ್ ತಂದರು. ಪಕ್ಕದ ಮುಚ್ಚಳ ಬಿಚ್ಚಿದೆ. ಎಣ್ಣೆ, ಮರದ ಪುಡಿ ಎಲ್ಲಾ ಸೇರಿ ಪಟ್ಟಿಯ ಸಂದಿಯಲ್ಲಿ ಗಟ್ಟಿಯಾಗಿ ಕೂತಿತ್ತು. ಸ್ಕ್ರೂಡ್ರೈವರ್‌ನಿಂದ ಕೆರೆದರೆ ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ವಾಸನೆ ಮಾತ್ರ ವರ್ಕ್‌ಶಾಪಿನದಲ್ಲ.

"ಯಾವ ಎಣ್ಣೆ ಹಾಕಿದ್ರಿ?" ಅಂದೆ.

"ಒಳ್ಳೆ ಎಣ್ಣೆನೇ ಕಣಣ್ಣ. ನಮ್ ಬಾಮೈದುಂದು ಹೋಟ್ಲದೆ. ಬೋಂಡ ಕರ್ದು ಮಿಕ್ಕಿದ್ದು."

"ಅಯ್ಯೋ, ಅದನ್ನ ಇದಕ್ಕೆ ಹಾಕ್ತಾರಾ?"

"ಮನುಷ್ರು ತಿಂದ್ರೇ ಏನೂ ಆಗಲ್ಲ, ಮಿಷನ್‌ಗೆ ಏನಾದದು ಬುಡಿ."

ಬೋಂಡ ತಿಂದ ಮನುಷ್ಯರಿಗೆ ಏನಾಗುತ್ತದೆ ಎಂದು ನನಗೂ ಗೊತ್ತು. ಆದರೆ ಗಿರಾಕಿಯ ಹತ್ತಿರ ವಾದ ಮಾಡಬಾರದು. "ಹೋಗ್ಲಿ, ಕೆಲಸ ಹೆಂಗೆ ನಡೀತು?" ಎಂದು ಕೇಳಿದೆ.

ಅವರ ಮುಖ ಸಣ್ಣದಾಯಿತು. "ಅದೇ ಕಷ್ಟ ಕಣಣ್ಣ. ಒಂದು ಕೊಂಬೆ ಕುಯ್ಯಂಗಿಲ್ಲ, ಘಮ್ ಅಂತದೆ. ಆಳುಗಳೆಲ್ಲ ಟೀ ಟೈಮ್ ಆಯ್ತು ಅಂತ ಕೂತ್ಕಬುಡ್ತಾರೆ."

ನಿಂಬೆಹಣ್ಣಿನ ಮಹಿಮೆ

ಆಯುಧ ಪೂಜೆ ಮುಗಿದ ವಾರ ನನಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಮಿಷನ್‌ಗಳಿಗಂತೂ ಉಸಿರಾಟವೇ ಇರುವುದಿಲ್ಲ.

ಚಾಮರಾಜನಗರದ ಮರದ ವ್ಯಾಪಾರಿಯೊಬ್ಬರು, ಪರಮ ಶಿವಭಕ್ತರು, ಮಿಷನ್ ತಂದು ಟೇಬಲ್ ಮೇಲೆ ಮಲಗಿಸಿದರು. ಮಿಷನ್ನಿನ ಮೈತುಂಬ ವಿಭೂತಿ, ಕುತ್ತಿಗೆಗೆ ಚೆಂಡು ಹೂವಿನ ಹಾರ. ಎಷ್ಟು ಹಗ್ಗ ಎಳೆದರೂ ಸ್ಟಾರ್ಟ್ ಆಗುತ್ತಿಲ್ಲವಂತೆ. ಏರ್ ಫಿಲ್ಟರ್ ತೆಗೆದು ನೋಡಿದೆ. ಗಾಳಿ ಹೋಗುವ ಜಾಗದಲ್ಲಿ ಅರಿಶಿನ, ಕುಂಕುಮ ಮೆತ್ತಿಕೊಂಡಿತ್ತು.

"ಇಲ್ಲಿಗ್ಯಾಕೆ ಕುಂಕುಮ ಹಾಕಿದ್ರಿ ಸ್ವಾಮಿ?"

"ಇದಕ್ಕೆ ಹಣೆ ಯಾವ್ದು ಅಂತ ಗೊತ್ತಾಗ್ನಿಲ್ಲ ಕಣಪ್ಪ. ಎಲ್ಲಾ ಕಡೆನೂ ಮಡಗ್ಬುಟ್ಟೆ."

ಫಿಲ್ಟರನ್ನು ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ, ಒಳಗೆಲ್ಲ ಬ್ರಷ್ ಆಡಿಸಿ, ಪ್ಲಗ್ ಒರೆಸಿ ಜೋಡಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಇನ್ನೇನು ಹಗ್ಗ ಎಳೆಯಬೇಕು, ಅವರು ತಡೆದರು. ಜೇಬಿನಿಂದ ನಿಂಬೆಹಣ್ಣು ತೆಗೆದು ಮಿಷನ್ ಮುಂದೆ ಇಟ್ಟು ಕೈಮುಗಿದರು. ನಾನು ಎಳೆದೆ. ಮೊದಲನೇ ಸಲಕ್ಕೇ ಗರ್ ಎಂದು ಎದ್ದಿತು.

"ನೋಡ್ದಾ!" ಎಂದರು, ಪಕ್ಕದ ಅಂಗಡಿಯವರಿಗೂ ಕೇಳುವ ಹಾಗೆ. "ಪೂಜೆ ದಿನ ನಿಂಬೆಹಣ್ಣು ಮಡಗೋದು ಮರ್ತಿದ್ದೆ. ಅದ್ಕೇ ಮುನಿಸ್ಕಂಡಿತ್ತು."

ನನ್ನ ಮೇಲೆ ಬಂದ ಅಪವಾದ

ಇಷ್ಟು ದಿನ ನಕ್ಕೊಂಡಿದ್ದವನಿಗೆ ಒಂದು ಸಲ ಅಳುವ ಹಾಗಾಯಿತು. ಅದಕ್ಕೆ ಕಾರಣ ಹತ್ತಿರದ ಊರೊಂದರ ಪಂಚಾಯ್ತಿ ಅಧ್ಯಕ್ಷರು.

ರಸ್ತೆಗೆ ಬಿದ್ದ ಮರ ತೆಗೆಯಲು ಅವರ ಪಂಚಾಯ್ತಿಗೊಂದು ಗರಗಸ ಬಂದಿತ್ತು. ನಾನೇ ಸರ್ವಿಸ್ ಮಾಡಿ ಕೊಟ್ಟೆ. ಅಧ್ಯಕ್ಷರು ಅದನ್ನು ಪಂಚಾಯ್ತಿ ಆಫೀಸಿನ ಹೊಸ ಮೇಜಿನ ಮೇಲೆ, ಹೊಸ ಬಟ್ಟೆ ಹಾಸಿ ಇಡಿಸಿದರು. ಬೆಳಗ್ಗೆ ನೋಡಿದರೆ ಬಟ್ಟೆಯ ಮೇಲೆ ಎಣ್ಣೆ ಕಲೆ. ಮಿಷನ್ ಕಾರಿನಲ್ಲಿ ಹಾಕಿಕೊಂಡು ನೇರ ನನ್ನ ಅಂಗಡಿಗೆ ಬಂದರು.

"ಏನಯ್ಯಾ, ಸರ್ವಿಸ್ ಮಾಡ್ದೋ, ತೂತು ಮಾಡ್ದೋ?"

"ಸುಮ್ಮನೆ ಇಟ್ಟಾಗ ಒಂದೆರಡು ತೊಟ್ಟು ಬೀಳೋದು ಇದರ ಗುಣ, ಅಧ್ಯಕ್ಷರೇ. ಬಳಸದಿದ್ರೆ ಟ್ಯಾಂಕ್ ಖಾಲಿ ಮಾಡಿಡಿ. ಇಲ್ಲಾಂದ್ರೆ ಕೆಳಗೊಂದು ರಟ್ಟು ಹಾಕಿ."

"ನನ್ ಕಾರು ಸೋರ್ತದಾ? ನನ್ ಟ್ರ್ಯಾಕ್ಟರ್ ಸೋರ್ತದಾ? ನೀನ್ ಮುಟ್ಟಿದ್ದು ಮಾತ್ರ ಸೋರ್ತದೆ!"

ಎದುರಿನ ಟೀ ಅಂಗಡಿಯಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಅಷ್ಟೇ ಸಾಕಾಯಿತು. ಆ ಅಂಗಡಿಗೆ ಕೊಟ್ಟರೆ ಮಿಷನ್ ಸೋರುತ್ತದೆ ಎಂಬ ಮಾತು ಗೋಪಾಲಸ್ವಾಮಿ ಬೆಟ್ಟದ ದಾರಿಯವರೆಗೂ ಹೋಯಿತು. ಹಳೇ ಗಿರಾಕಿಗಳು ನನ್ನ ಅಂಗಡಿ ಮುಂದೆಯೇ ಗರಗಸ ಹೊತ್ತುಕೊಂಡು ಚಾಮರಾಜನಗರದ ಬಸ್ಸು ಹತ್ತತೊಡಗಿದರು. ಮನೆಯಲ್ಲಿ ಹೆಂಡತಿ ಕೂಡ, "ನಿಜ ಹೇಳಿ, ತೂತು ಏನಾದ್ರೂ ಮಾಡ್ತಿದ್ರಾ?" ಅಂದುಬಿಟ್ಟಳು.

ಅಷ್ಟರಲ್ಲಿ ಅಧ್ಯಕ್ಷರ ತಮ್ಮನ ಮಗ ಆ ಗರಗಸವನ್ನು ತಾನೇ ರಿಪೇರಿ ಮಾಡಿದನಂತೆ. ಒಂದು ತೊಟ್ಟೂ ಬೀಳುತ್ತಿಲ್ಲವಂತೆ. ಬಂದವರಿಗೆಲ್ಲ ತೋರಿಸುತ್ತಾರೆಂದು ಕೇಳಿ, ತಡೆಯಲಾರದೆ ನಾನೂ ಹೋಗಿ ನೋಡಿದೆ. ಗಾಜಿನ ಬೀರುವಿನಲ್ಲಿ, ಕಬಡ್ಡಿ ಕಪ್ಪಿನ ಪಕ್ಕ ಗರಗಸ ಕೂತಿತ್ತು. ಕೆಳಗೆ ಹಾಸಿದ ಬಿಳಿ ಕಾಗದ ಹಾಸಿದ ಹಾಗೇ ಇತ್ತು. ಇಷ್ಟು ಶಿಸ್ತಿನ ಗರಗಸವನ್ನು ನಾನು ಜನ್ಮದಲ್ಲೇ ನೋಡಿರಲಿಲ್ಲ.

ಹುಣಸೆ ಕೊಂಬೆ

ಅಧ್ಯಕ್ಷರ ಮಗಳ ನಿಶ್ಚಿತಾರ್ಥ. ಬೀಗರು ಗೂಡಲೂರು ಕಡೆಯವರು, ಎರಡು ವ್ಯಾನ್ ತುಂಬ ಬಂದಿದ್ದರು. ರಾತ್ರಿ ಬಂಡೀಪುರದ ಗೇಟು ಹಾಕುವುದರೊಳಗೆ ಅವರು ಕಾಡು ದಾಟಬೇಕು. ಊಟ ಮುಗಿಸಿ ಹೊರಡುವ ಹೊತ್ತಿಗೆ ಗಾಳಿ ಬೀಸಿ, ಊರಿನ ರಸ್ತೆಗೆ ಅಡ್ಡಲಾಗಿ ಹುಣಸೆಯ ದೊಡ್ಡ ಕೊಂಬೆ ಮುರಿದು ಬಿತ್ತು.

ಬೀರು ತೆಗೆದು ಗರಗಸವನ್ನು ಮೆರವಣಿಗೆಯ ಹಾಗೆ ತಂದರಂತೆ. ಮೊದಲನೇ ಎಳೆತಕ್ಕೇ ಸ್ಟಾರ್ಟ್ ಆಯಿತಂತೆ. ಬೀಗರು ಚಪ್ಪಾಳೆ ತಟ್ಟಿದರಂತೆ. ಚೈನು ಕೊಂಬೆಗೆ ಇಟ್ಟು ಸ್ವಲ್ಪ ಹೊತ್ತಿಗೆ ಬುಸ್ ಎಂದು ಹೊಗೆ. ಆಗ ಅಧ್ಯಕ್ಷರಿಗೆ ನನ್ನ ನಂಬರ್ ನೆನಪಾಯಿತು.

"ಬೇಗ ಬಾರಯ್ಯಾ, ಮಾನ ಓಯ್ತದೆ!" ಎಂದರು. ಹಿಂದಿನಿಂದ ಅವರ ಹೆಂಡತಿಯ ದನಿ: "ರಾತ್ರಿಗೆ ಇವ್ರೆಲ್ಲ ಉಳ್ಕಂಡ್ರೆ ಏನ್ ಮಾಡ್ಲಿ? ಅನ್ನನೂ ಇಲ್ಲ, ಚಾಪೆನೂ ಇಲ್ಲ!"

ಬೈಕಿನಲ್ಲಿ ಹೋಗಿ ಬಿಚ್ಚಿ ನೋಡಿದೆ. ಎಣ್ಣೆ ಬರುವ ತೂತಿಗೆ ನೀರಿನ ಪೈಪ್ ಅಂಟಿಸುವ ಗಮ್ಮು ತುಂಬಿ ಗಟ್ಟಿಯಾಗಿ ಮುಚ್ಚಿತ್ತು.

ತಮ್ಮನ ಮಗ ತಲೆ ಕೆರೆದುಕೊಂಡ. "ಸೋರೋದು ನಿಲ್ಸು ಅಂದ್ರು ದೊಡ್ಡಪ್ಪ. ನಿಲ್ಸ್ದೆ."

ಬೀಗಿತ್ತಿಯ ಸೀರೆಯ ಪಿನ್ನು ಇಸಿದುಕೊಂಡು ಗಮ್ಮು ಕಿತ್ತೆ. ಪಟ್ಟಿಯ ಸಂದಿ ಕೆರೆದು, ಎಣ್ಣೆ ತುಂಬಿ, ತಂದಿದ್ದ ಬೇರೆ ಚೈನು ಹಾಕಿದೆ. ಕುಯ್ಯುವ ಮೊದಲು ಎಣ್ಣೆ ಬರುತ್ತಿದೆಯೇ ಎಂದು ನೋಡಬೇಕು. ಪಟ್ಟಿಯ ತುದಿಯನ್ನು ಬಿಳಿ ಜಾಗದ ಕಡೆ ಹಿಡಿದು ರೇಸ್ ಕೊಟ್ಟರೆ ಅಲ್ಲಿ ಎಣ್ಣೆಯ ಗೆರೆ ಬೀಳುತ್ತದೆ. ರಸ್ತೆಯ ಮೇಲೆ ಕಾಗದ ಹಾಸಿ ರೇಸ್ ಕೊಟ್ಟೆ.

"ದೂರ ನಿಂತ್ಕೊಳ್ಳಿ," ಎಂದೆ. ಅಧ್ಯಕ್ಷರು ಯಾವತ್ತು ಯಾರ ಮಾತು ಕೇಳಿದ್ದಾರೆ? ಬಗ್ಗಿ ನೋಡಲು ಎದುರಿಗೇ ಬಂದರು. ಕಾಗದದ ಮೇಲೆ ಏನೂ ಬೀಳಲಿಲ್ಲ. ಬಿಳಿ ರೇಷ್ಮೆ ಶರ್ಟಿನ ಮೇಲೆ ಭುಜದಿಂದ ಹೊಟ್ಟೆಯವರೆಗೆ ನೀಟಾಗಿ ಒಂದು ಗೆರೆ ಬಿತ್ತು.

ನಾನು ಮಿಷನ್ ಆಫ್ ಮಾಡಿದೆ. ನನ್ನ ಕಥೆ ಮುಗಿಯಿತು ಅಂದುಕೊಂಡೆ. ಅಧ್ಯಕ್ಷರು ಶರ್ಟು ನೋಡಿಕೊಂಡರು, ಬೀಗರ ಕೈಗಡಿಯಾರ ನೋಡಿದರು, ಎರಡೂ ಕೈ ಮೇಲೆತ್ತಿ ಕೂಗಿದರು: "ಸೋರ್ತಾ ಅದೆ! ನೋಡ್ರಪ್ಪಾ, ಚೆನ್ನಾಗ್ ಸೋರ್ತಾ ಅದೆ! ಕುಯ್ಯಿ, ಕುಯ್ಯಿ!"

ಕೊಂಬೆ ತುಂಡಾಯಿತು, ವ್ಯಾನುಗಳು ಗೇಟು ಹಾಕುವುದರೊಳಗೆ ಕಾಡು ದಾಟಿದವು. ಎಣ್ಣೆ ಟ್ಯಾಂಕ್ ಖಾಲಿ ಮಾಡಿ, ಒರೆಸಿ, ಗರಗಸ ಕೊಟ್ಟು ಬಂದೆ. ಬೆಳಗ್ಗೆ ಎದ್ದ ಕೂಡಲೇ ಅವರದೇ ಫೋನು.

"ಕೆಳಗೆ ಕಾಗ್ದ ಮಡಗಿದ್ದೆ ಕಣಯ್ಯಾ. ಒಂದ್ ತೊಟ್ಟೂ ಬಿದ್ದಿಲ್ಲ. ಮತ್ತೆ ಕೆಟ್ಟೋಯ್ತಾ?"

ಈಗ ನನ್ನ ಅಂಗಡಿ ಮುಂದೆ ಮತ್ತೆ ಜನ. ಊರೂರಿಂದ ಗರಗಸ ಹೊತ್ತು ತರುತ್ತಾರೆ. ಎಲ್ಲರದ್ದೂ ಒಂದೇ ಬೇಡಿಕೆ: "ಅಣ್ಣಾ, ಅಧ್ಯಕ್ಷರ್ದು ಸೋರ್ತದಂತಲ್ಲ, ನಮ್ದೂ ಅಂಗೇ ಸೋರಂಗೆ ಮಾಡ್ಕೊಡಣ್ಣ."