ಹಲಗೆ ತಿರುಗಿತು, ಅನ್ನ ಬರಲಿಲ್ಲ

ಸೋಮಾರಿಗಳಿಂದ ಕೆಲಸ ಕೆಟ್ಟದ್ದನ್ನು ನಾನು ಅಷ್ಟಾಗಿ ಕಂಡಿಲ್ಲ. ಅವರು ಕೆಲಸವನ್ನೇ ಮುಟ್ಟುವುದಿಲ್ಲ, ಕೆಡುವುದೆಲ್ಲಿಂದ? ಕೆಡಿಸುವವರು ಜಾಣರು. ಎರಡು ಸಲದ ಓಡಾಟವನ್ನು ಒಂದೇ ಸಲಕ್ಕೆ ಮುಗಿಸುವವರು. ಎಂಬತ್ತರ ದಶಕದಲ್ಲಿ ದಾವಣಗೆರೆಯಿಂದ ಹರಿಹರದ ಒಂದು ಕಾರ್ಖಾನೆಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದ ನನಗೆ ಇಂಥ ಜಾಣರು ಒಬ್ಬರಲ್ಲ, ನಾಲ್ವರು ಸಿಕ್ಕರು. ನಾಲ್ವರಲ್ಲಿ ಒಂದು, ಕಂಪ್ಯೂಟರಿನ ಪ್ರೋಗ್ರಾಂ. ಇನ್ನೊಬ್ಬರು ನಮ್ಮಪ್ಪ.

೧. ಊಟ ಸಿದ್ಧ

ಕಾರ್ಖಾನೆಯ ಕ್ಯಾಂಟೀನಿನ ಬಾಗಿಲಲ್ಲಿ ಒಂದು ಹಲಗೆ ನೇತಾಡುತ್ತಿತ್ತು. ಒಂದು ಮುಖದಲ್ಲಿ ‘ಇನ್ನೂ ಇಲ್ಲ’, ಇನ್ನೊಂದರಲ್ಲಿ ‘ಊಟ ಸಿದ್ಧ’. ಅನ್ನ, ಸಾರು ಮೇಜಿನ ಮೇಲಿಟ್ಟು ಆಮೇಲೆ ಹಲಗೆ ತಿರುಗಿಸಬೇಕು, ಇದು ಪದ್ಧತಿ. ಶಾಪಿನ, ಅಂದರೆ ಯಂತ್ರಗಳಿದ್ದ ಶೆಡ್ಡಿನ, ಮಂದಿ ಕಿಟಕಿಯಿಂದ ಆ ಹಲಗೆಯ ಮೇಲೇ ಕಣ್ಣಿಟ್ಟಿರುತ್ತಿದ್ದರು. ಅಷ್ಟು ಕಣ್ಣು ಮಿಷನ್ನಿನ ಮೇಲೆ ಇಟ್ಟಿದ್ದರೆ ಕಾರ್ಖಾನೆ ಎಲ್ಲೋ ಹೋಗಿರುತ್ತಿತ್ತು.

ಹೊಸದಾಗಿ ಬಂದ ಕ್ಯಾಂಟೀನಿನವನು ಯೋಚನೆ ಮಾಡಿದ. ಅಡುಗೆಮನೆಗೆ ಹೋಗುವ ದಾರಿಯಲ್ಲೇ ಹಲಗೆ ಇದೆ. ಅನ್ನ ತಂದಿಟ್ಟು ಮತ್ತೆ ಬಾಗಿಲಿಗೆ ಬರುವುದೇಕೆ? ಹೋಗುತ್ತಲೇ ತಿರುಗಿಸಿದ. ಆಮೇಲೆ ಒಳಗೆ ಹೋಗಿ ನಿಧಾನವಾಗಿ ಗಂಜಿ ಬಸಿಯತೊಡಗಿದ. ಇತ್ತ ಇಡೀ ಶಾಪು ತಟ್ಟೆ ಹಿಡಿದು ಬಂದು ಬರಿ ಮೇಜಿನ ಮುಂದೆ ನಿಂತಿತು.

ಎಲ್ಲರಿಗಿಂತ ಹಿರಿಯ ಫಿಟ್ಟರ್, ನಾವೆಲ್ಲ ಚಾಚಾ ಎನ್ನುತ್ತಿದ್ದವರು, ಗದರಿದರು: “ಏನ್ಲೇ ಇದು? ಅನ್ನ ಎಲ್ಲೈತೆ?”

ಅವನು ಹಂಡೆ ಇಳಿಸುತ್ತ ಹೇಳಿದ: “ಹಲಗಿ ತಿರುಗಿಸ್ಬೇಕಿತ್ತು, ತಿರುಗಿಸೀನಿ. ಅನ್ನ ತರ್ಬೇಕಿತ್ತು, ತಂದೀನಿ. ಎರಡೂ ಮಾಡೀನಲ್ರಿ, ಯಾವ್ದು ಬಿಟ್ಟೀನಿ?”

ಅವನ ಮಾತು ಸರಿಯೇ. ಊರಲ್ಲಿ ಅವನೊಬ್ಬನೇ ಇದ್ದಿದ್ದರೆ ಯಾವ ತೊಂದರೆಯೂ ಇರಲಿಲ್ಲ.

೨. ಒಮ್ಮೆ ನೋಡಿದ್ದು ಸಾಕು

ನಮ್ಮ ಆಫೀಸಿನ ಅಟೆಂಡರ್ ಇನ್ನೂ ಜಾಣ. ಮ್ಯಾನೇಜರರ ಜೀಪು ಬಂತೇ ನೋಡು ಎಂದರೆ ಬೆಳಿಗ್ಗೆ ಒಮ್ಮೆ ಗೇಟಿಗೆ ಹೋಗಿ ನೋಡುತ್ತಿದ್ದ. ಆಮೇಲೆ ಯಾರು ಎಷ್ಟು ಸಲ ಕೇಳಿದರೂ ಕುಳಿತಲ್ಲಿಂದಲೇ “ಬಂದಿಲ್ರಿ”. ಒಂದು ದಿನ ಮ್ಯಾನೇಜರರು ಬಂದು ಒಳಗೆ ಕೂತು ಎರಡು ಗಂಟೆಯಾದ ಮೇಲೆ ಬೆಲ್ ಮಾಡಿ ಇವನನ್ನೇ ಕರೆದು ಕೇಳಿದರು: “ಯಾರಾದ್ರೂ ನನ್ನ ಕೇಳ್ಕೊಂಡು ಬಂದಿದ್ರೇನು?”

“ಭಾಳ ಮಂದಿ ಬಂದಿದ್ರು ಸಾರ್. ನೀವು ಬಂದಿಲ್ಲ ಅಂತ ಹೇಳಿ ಕಳಿಸೀನಿ.”

ಅದೇ ವಾರ ಮ್ಯಾನೇಜರರು ಬೊಂಬಾಯಿಯಿಂದ ಹೊಸ ಕಂಪೈಲರ್ ತರಿಸಿದರು. ನಾವು ಬರೆದ ಸಾಲುಗಳನ್ನು ಯಂತ್ರಕ್ಕೆ ತಿಳಿಯುವ ಅಂಕಿಗಳಾಗಿ ಇಳಿಸಿಕೊಡುವ ಪ್ರೋಗ್ರಾಂ ಅದು. ಇಳಿಸುವಾಗ ತಾನೇ ತಲೆ ಓಡಿಸಿ, ಬೇಡದ ಕೆಲಸ ಕಿತ್ತುಹಾಕಿ, ವೇಗ ಹೆಚ್ಚಿಸುತ್ತದೆ ಎಂಬುದು ಅದರ ಹೆಗ್ಗಳಿಕೆ.

ನನ್ನ ಪಾಲಿಗೆ ಬಂದದ್ದು, ಕಬ್ಬಿಣದ ಪ್ಲೇಟಿಗೆ ತೂತು ಹಾಕುವ ಯಂತ್ರ. ಅದರಲ್ಲಿ ಎರಡು ಚಿಪ್. ತೂತು ಎಲ್ಲಿ ಬೀಳಬೇಕೆಂಬ, ಪ್ಲೇಟಿನಿಂದ ಪ್ಲೇಟಿಗೆ ಬದಲಾಗುವ ಅಳತೆಯನ್ನು ಮೊದಲನೆಯದು ಎರಡಕ್ಕೂ ಸೇರಿದ ಜಾಗದಲ್ಲಿಟ್ಟು, ಆಮೇಲೆ ಬಾವುಟ ಏರಿಸುತ್ತದೆ. ಬಾವುಟ ಎಂದರೆ ಸೊನ್ನೆ ಇದ್ದದ್ದು ಒಂದಾಗುವುದು, ಅಷ್ಟೇ. ಅದನ್ನು ಕಂಡ ಎರಡನೆಯದು ಅಳತೆ ತೆಗೆದುಕೊಂಡು ತೂತು ಹಾಕುತ್ತದೆ. ‘ಬಾವುಟ ಏರುವವರೆಗೆ ನೋಡುತ್ತಿರು’ ಎಂದು ಎರಡನೆಯದರ ಪ್ರೋಗ್ರಾಮಿನಲ್ಲಿ ನಾನು ಬರೆದಿದ್ದೆ. ಕಂಪೈಲರ್ ಓದಿತು. ಈ ಪ್ರೋಗ್ರಾಮಿನಲ್ಲಿ ಬಾವುಟ ಏರಿಸುವವರು ಯಾರೂ ಇಲ್ಲ, ಮತ್ತೆ ಮತ್ತೆ ನೋಡುವ ದಂಡ ಯಾಕೆ ಎಂದುಕೊಂಡು ಒಂದೇ ಸಲ ನೋಡುವಂತೆ ಮಾಡಿಟ್ಟಿತು. ಮೊದಲ ಚಿಪ್ ಬಾವುಟ ಏರಿಸಿದ್ದೇ ಏರಿಸಿದ್ದು, ಎರಡನೆಯದು ‘ಬಂದಿಲ್ರಿ’ ಎಂದು ಇಡೀ ಬೆಳಿಗ್ಗೆ ಸುಮ್ಮನೆ ನಿಂತಿತ್ತು.

“ಸಾರ್, ಇದರ ಜಾಣತನ ಸ್ವಲ್ಪ ಆಫ್ ಮಾಡ್ಲಾ?” ಎಂದೆ.

“ಅದಕ್ಕೇ ಅಲ್ಲೇನ್ರಿ ಅದನ್ನ ತರಿಸಿದ್ದು? ಆಫ್ ಮಾಡೋದು ಬ್ಯಾಡ.”

ಹೇಗೋ ಸುತ್ತುಬಳಸಿ ಬರೆದು, ಪ್ರತಿಸಲ ಎದ್ದು ಹೋಗಿ ನೋಡಿಬರುವಂತೆ ಮಾಡಿದೆ. ಇಂಥ ಜಾಣತನವನ್ನು ಬೊಂಬಾಯಿಯಿಂದ ತರಿಸಬೇಕಾಗಿಯೇ ಇರಲಿಲ್ಲ, ನಮ್ಮ ಆಫೀಸಿನ ಬಾಗಿಲಲ್ಲೇ ಸ್ಟೂಲ್ ಹಾಕಿಕೊಂಡು ಕೂತಿತ್ತು.

೩. ಹಿಂದಿನ ತೂತು

ನಾನಿನ್ನೂ ಟೆಂಪರರಿ. ಪುಣೆಯಿಂದ ಯಂತ್ರ ಕೊಳ್ಳುವವರು ನೋಡಲು ಬರುವ ದಿನ ಎಲ್ಲ ಸರಿಯಾದರೆ ಪರ್ಮನೆಂಟ್ ಮಾಡುತ್ತೇವೆ ಎಂದಿದ್ದರು. ಮಾಯಕೊಂಡದಲ್ಲಿ ಒಬ್ಬ ಮೇಷ್ಟ್ರ ಮಗಳನ್ನು ನೋಡಿ ಬಂದಿದ್ದೆವು. ಮೇಷ್ಟ್ರು “ಪರ್ಮನೆಂಟ್ ಆದ್ಮ್ಯಾಲೆ ಮುಂದಿನ ಮಾತು” ಎಂದುಬಿಟ್ಟಿದ್ದರು. ಹುಡುಗಿ ನನಗೆ ತುಂಬ ಹಿಡಿಸಿದ್ದಳು. ಹೀಗಾಗಿ ಪ್ಲೇಟಿನ ತೂತು ಎಲ್ಲಿ ಬೀಳುತ್ತದೆ ಎಂಬುದರ ಮೇಲೆ ನನ್ನ ಮದುವೆ ನಿಂತಿತ್ತು.

ಅದು ಆಗಾಗ ಎಲ್ಲೆಲ್ಲೋ ಬೀಳುತ್ತಿತ್ತು. ಇಪ್ಪತ್ತು ಪ್ಲೇಟಿನಲ್ಲಿ ಹತ್ತೊಂಬತ್ತು ಸರಿ, ಒಂದು ತಪ್ಪು. ಏನಾಗುತ್ತಿದೆ ನೋಡೋಣವೆಂದು ಅಳತೆಯನ್ನು ಪರದೆಯ ಮೇಲೆ ತೋರಿಸುವ ಒಂದು ಸಾಲು ಸೇರಿಸಿದರೆ ಇಪ್ಪತ್ತೂ ಸರಿ! ಸಾಲು ತೆಗೆದರೆ ಮತ್ತೆ ಅದೇ ರಾಗ. ಇನ್ಸ್‌ಪೆಕ್ಷನ್ ಬಂದ ದಿನ ಮಾತ್ರ ಪಾಠ ಮಾಡುವ ಮಾಸ್ತರರ ಹಾಗೆ. ಮ್ಯಾನೇಜರರು ಕರೆಂಟಿನ ಏರಿಳಿತ ಎಂದರು. ಸ್ಟೋರಿನವರು ಇಲಿ ಎಂದರು. ಯಾರೋ ನಿಂಬೆಹಣ್ಣು ಕಟ್ಟಿದರು, ಅದೂ ಒಣಗಿತು. ಮೂರು ವಾರ ನನಗೆ ಅನ್ನ ಸೇರಲಿಲ್ಲ.

ಕೊನೆಗೆ ಕೆಟ್ಟ ಪ್ಲೇಟು ಹಿಡಿದುಕೊಂಡು ಚಾಚಾ ಬಂದರು. “ಇಂಜಿನಿಯರ್ ಸಾಹೇಬ್ರೇ, ಇದು ಗಲತ್ ತೂತಲ್ಲ. ಹಿಂದಿನ ಪ್ಲೇಟಿಂದು, ಈ ಪ್ಲೇಟಿಗೆ ಬಿದ್ದೈತೆ. ನಿಮ್ ಡಬ್ಬಿಯೊಳಗೂ ಒಬ್ಬ ಕ್ಯಾಂಟೀನ್‌ನೋನು ಅದಾನೇನೋ ನೋಡ್ರಿ. ಹಲಗಿ ಮೊದ್ಲು ತಿರುಗಿಸ್ಯಾನೆ.”

ಕಂಪೈಲರ್ ಇಳಿಸಿದ್ದನ್ನು ಸಾಲು ಸಾಲಾಗಿ ಓದಿದೆ. ಇದ್ದ! ಅಳತೆ ಇಟ್ಟು ಬಾವುಟ ಏರಿಸು ಎಂದು ನಾನು ಬರೆದಿದ್ದರೆ, ಅದು ಅನುಕೂಲ ನೋಡಿಕೊಂಡು ಮೊದಲು ಬಾವುಟ ಏರಿಸಿ, ಅಳತೆಯನ್ನು ಕೈಯಲ್ಲೇ ಹಿಡಿದುಕೊಂಡು ಆಮೇಲೆ ಇಡುತ್ತಿತ್ತು. ಅದೇ ಗಳಿಗೆಯಲ್ಲಿ ಎರಡನೆಯ ಚಿಪ್ ನೋಡಿದರೆ ಸಿಗುವುದು ಹಿಂದಿನ ಪ್ಲೇಟಿನ ಅಳತೆ. ನಾನು ನಡುವೆ ಪರದೆಯ ಸಾಲು ಸೇರಿಸಿದಾಗ ಅದು ಬಾವುಟಕ್ಕೆ ಮೊದಲೇ ಪರದೆಯ ಕಡೆ ಹೋಗಬೇಕಾಗಿ ಬಂದು, ಕೈಯಲ್ಲಿದ್ದದ್ದನ್ನು ಇಟ್ಟೇ ಹೋಗುತ್ತಿತ್ತು. ಎಲ್ಲ ಸರಿಯಾಗುತ್ತಿತ್ತು.

ಯಾರನ್ನೂ ಕೇಳದೆ ಆ ಭಾಗಕ್ಕೆ ಜಾಣತನ ಆಫ್ ಮಾಡಿದೆ. ಇಪ್ಪತ್ತಕ್ಕೆ ಇಪ್ಪತ್ತೂ ಸರಿ ಬಂತು. ಮ್ಯಾನೇಜರರು ವಾಚು ನೋಡಿಕೊಂಡು ಮುಖ ಸಣ್ಣ ಮಾಡಿದರು. “ಸ್ವಲ್ಪ ನಿಧಾನ ಆತಲ್ರಿ? ತಪ್ಪು ತೂತು ಎಷ್ಟು ಬೇಗ ಬೀಳ್ತಿತ್ತು!”

೪. ಕಾರ್ಡು

ಪುಣೆಯವರು ಬಂದರು, ನೋಡಿದರು, ಒಪ್ಪಿದರು. ಮ್ಯಾನೇಜರರು ನನ್ನ ಕೈ ಕುಲುಕಿ “ನಾಳೆ ನಿಮ್ಮ ಪರ್ಮನೆಂಟ್ ಆರ್ಡರ್ ತಗೊಳ್ರಿ” ಎಂದರು. ನನಗೆ ನೆಲ ಕಾಣಲಿಲ್ಲ. ಚಾಚಾನ ಜೊತೆ ಗೇಟಿನ ತನಕ ಬಂದರೆ ಅಲ್ಲಿ ಮಾಯಕೊಂಡದ ಮೇಷ್ಟ್ರು ನಿಂತಿದ್ದರು. ಕೈಯಲ್ಲಿ ಒಂದು ಮದುವೆ ಕಾರ್ಡು. ನನ್ನದೇ! ನನ್ನ ಹೆಸರು, ಅವರ ಮಗಳ ಹೆಸರು, ಮುಹೂರ್ತ ಸಮೇತ.

ಆಮೇಲೆ ಅಪ್ಪನನ್ನು ಕೇಳಿದರೆ ಅವರ ಉತ್ತರ ಇಷ್ಟೇ: “ನಿನ್ನ ಅತ್ತೆ ಮಗನ ಕಾರ್ಡಿಗೆ ಪ್ರೆಸ್ಸಿಗೆ ಹೋಗಿದ್ನಲ್ಲ, ನಿಂದೂ ಮುಗಿಸ್ಕೊಂಡು ಬಂದೆ. ಮತ್ತೊಂದ್ಸಲ ಯಾಕ ಓಡಾಡ್ಲಿ?” ಲೋಕಿಕೆರೆಯ ನಂಟರಿಗೆ ಹಂಚಿಯೂ ಬಂದಿದ್ದರು. ಅಲ್ಲಿಂದ ಒಂದು ಕಾರ್ಡು ಮಾಯಕೊಂಡ ಮುಟ್ಟಿತ್ತು.

“ಏನ್ರಿ ಇದು?” ಮೇಷ್ಟ್ರು ಕಾರ್ಡನ್ನು ನನ್ನ ಮುಖದ ಮುಂದೆ ಹಿಡಿದರು. “ನಾವಿನ್ನೂ ಹುಡುಗೀನೇ ಕೇಳಿಲ್ಲ. ತನ್ನ ಮದುವಿ ಐತೆ ಅಂತ ಆಕಿ ಈ ಕಾರ್ಡು ಓದಿ ತಿಳ್ಕೊಂಡ್ಲು!”

ಕಾರ್ಡು ಇಸಿದುಕೊಳ್ಳುತ್ತ ಕೇಳಿದೆ: “ಅವರು... ಏನಂದ್ರು?”

“ಒಂದೇ ಮಾತು ಕೇಳ್ಕೊಂಡು ಬಾ ಅಂದ್ಲು. ಹುಡುಗಿ ಒಪ್ಪೋಕ್ಕಿಂತ ಮೊದ್ಲು ಕಾರ್ಡು ಹಂಚೋರ ಮನ್ಯಾಗೆ, ಎಲೆ ಮೊದ್ಲು ಹಾಕ್ತಾರೋ, ಅನ್ನ ಮೊದ್ಲು ಬಡಿಸ್ತಾರೋ?”

ಚಾಚಾ ಹಣೆ ಚಚ್ಚಿಕೊಂಡರು. “ಯಾ ಅಲ್ಲಾ! ಸಾಹೇಬ್ರೇ, ಈ ಹುಡುಗೀನ ಮೊದ್ಲೇ ಕರ್ಕೊಂಡು ಬಂದಿದ್ರೆ ನಮ್ ಮೂರು ವಾರ ಉಳೀತಿತ್ತಲ್ರಿ!”

“ಎಲೆ ಮೊದ್ಲು ಮೇಷ್ಟ್ರೇ, ಎಲೆನೇ ಮೊದ್ಲು. ಇನ್ಮೇಲೆ ಎಲ್ಲಾ ಅವರನ್ನ ಕೇಳೇ ಮಾಡ್ತೀವಿ” ಎಂದು ಎರಡೂ ಕೈ ಮುಗಿದೆ. ಮೇಷ್ಟ್ರ ಮುಖ ನಿಧಾನವಾಗಿ ಸಡಿಲವಾಗತೊಡಗಿತು. ನಗುತ್ತಾರೆ ಎನ್ನುವಷ್ಟರಲ್ಲಿ, ಪುಣೆಯವರಿಗೆ ಚಹಾ ಒಯ್ಯುತ್ತಿದ್ದ ಕ್ಯಾಂಟೀನಿನವನು ನಿಂತು ಕೇಳಿದ:

“ಯಾವ್ದು ಮೊದ್ಲಾದ್ರೇನ್ರಿ? ಎರಡೂ ಹಾಕ್ತಾರಲ್ಲ!”

ಮದುವೆಯೇನೋ ಆಯಿತು, ಕಾರ್ಡಿನಲ್ಲಿದ್ದ ದಿನವಲ್ಲ, ಹುಡುಗಿ ಹೇಳಿದ ದಿನ. ಕ್ಯಾಂಟೀನಿನವನನ್ನೂ ಕರೆದಿದ್ದೆ. ಅಡುಗೆಮನೆಯ ಬಾಗಿಲಲ್ಲಿ ಮಾತ್ರ ಚಾಚಾನನ್ನು ಕಾವಲಿಗೆ ನಿಲ್ಲಿಸಿದ್ದೆ.