ಸೊಸೆ ಒಪ್ಪಿಕೊಂಡ ಕೈಮದ್ದು

ಕೊರಟಗೆರೆ ಕಡೆಯ ಹಳ್ಳಿಗಳಲ್ಲಿ ನರ್ಸ್ ಆಗಿ ಹದಿನೆಂಟು ವರ್ಷ ಸವೆಸಿದ್ದೇನೆ. ಹೊಟ್ಟೆಯ ವಿಷಯದಲ್ಲಿ ನಮ್ಮ ಜನ ನನ್ನನ್ನು ನಗಿಸದೆ ಬಿಟ್ಟ ವಾರವಿಲ್ಲ. ನಕ್ಕು ಮುಗಿಸುವಷ್ಟರಲ್ಲಿ ಹೆದರಿಕೆಯೂ ಆಗುತ್ತದೆ.

೧. ಎಲ್ಲಾ ಗ್ಯಾಸು

ತಲೆನೋವು, ಎದೆಯುರಿ, ಬೆನ್ನುಹಿಡಿತ, ನಮ್ಮಲ್ಲಿ ಎಲ್ಲವೂ ಗ್ಯಾಸೇ. ನಿವೃತ್ತ ಮೇಷ್ಟ್ರೊಬ್ಬರು ಎರಡು ತಿಂಗಳಿಂದ ಊಟ ಸೇರುತ್ತಿಲ್ಲ, ತೂಕ ಇಳಿದಿದೆ ಎಂದರು. ತಪಾಸಣೆ ಮಾಡಿಸಿ ಎಂದೆ. ಎದುರಿನ ಅಂಗಡಿಯಲ್ಲಿ ಸೋಡಾ ಕುಡಿದು, ಗಟ್ಟಿಯಾಗಿ ತೇಗಿ, ತಪಾಸಣೆ ಆಯಿತು ಎಂದು ಮನೆಗೆ ಹೋದರು. ಆಮೇಲೆ ಮೂರು ಸಲ ಬೈದು ಆಸ್ಪತ್ರೆಗೆ ಕಳಿಸಬೇಕಾಯಿತು.

೨. ಕೇಳಬಾರದ ಪ್ರಶ್ನೆ

ಹೊಟ್ಟೆ ಸಂಕಟ ಎಂದವರನ್ನು ಹೊರಕಡೆ ಹೇಗಾಗುತ್ತಿದೆ, ಬಣ್ಣ ಹೇಗಿದೆ ಎಂದು ಕೇಳಲೇಬೇಕು. ಒಬ್ಬ ಅಜ್ಜಿಯನ್ನೂ ಕೇಳಿದೆ. ನಲವತ್ತು ವರ್ಷ ಸಂಸಾರ ಮಾಡಿದ ಗಂಡನೇ ಇದನ್ನು ಕೇಳಿರಲಿಲ್ಲ ಎಂದು ಮುಖ ಸಿಂಡರಿಸಿಕೊಂಡು ಎದ್ದುಹೋದರು.

೩. ಸೊಸೆಯ ಸುಳ್ಳು

ವಾರದ ನಂತರ ಆ ಅಜ್ಜಿಯ ಸೊಸೆ ಅಳುತ್ತಾ ಬಂದಳು. ಸೊಸೆಯೇ ಸಾರಿನಲ್ಲಿ ಕೈಮದ್ದು ಹಾಕಿ ತನ್ನನ್ನು ಒಣಗಿಸುತ್ತಿದ್ದಾಳೆ ಎಂದು ಅಜ್ಜಿ ಬೀದಿಗೆಲ್ಲ ಹೇಳಿದ್ದರು. ಪಾವಗಡದ ಕಡೆ ಮದ್ದು ಕಕ್ಕಿಸುವವನ ಹತ್ತಿರ ಹೋಗಿ ವಾಂತಿಯನ್ನೂ ಮಾಡಿಸಿಕೊಂಡು ಬಂದಿದ್ದರು. ಅತ್ತೆ ಮಂಡಿನೋವಿಗೆ ಅಂಗಡಿಯ ಮಾತ್ರೆಯನ್ನು ಬರೀ ಹೊಟ್ಟೆಗೆ ನುಂಗುತ್ತಾರೆ, ಈಗ ಹೊರಕಡೆ ಡಾಂಬರಿನ ಹಾಗೆ ಕಪ್ಪಗೆ ಹೋಗುತ್ತಿದೆ ಎಂದಳು. ಹಾಗೆ ಹೋದರೆ ಒಳಗೆ ರಕ್ತ ಸೋರುತ್ತಿರಬಹುದು.

ಓಡಿದೆ. ಅಜ್ಜಿ ಚಾಪೆಯ ಮೇಲಿದ್ದರು, ಮುಖ ಬಿಳಿಚಿತ್ತು. ಆಸ್ಪತ್ರೆಯವರಿಗೆ ಮದ್ದು ತೆಗೆಯಲು ಬರುವುದಿಲ್ಲ ಎಂದು ಅಲ್ಲಾಡಲಿಲ್ಲ. ಬೈದೆ, ಕೈ ಮುಗಿದೆ. ಕೊನೆಗೆ ಸೊಸೆ ಕಣ್ಣೊರೆಸಿಕೊಂಡು ಅತ್ತೆಯ ಕಾಲ ಬಳಿ ಕುಳಿತಳು.

"ಹೂಂ ಅತ್ತೆ, ನಾನೇ ಇಕ್ಕಿದ್ದು. ಅದು ತುಮಕೂರು ಆಸ್ಪತ್ರೆಯಾಗೆ ಮಾತ್ರ ಇಳಿಯೋದಂತೆ. ಏಳಿ."

ಅಜ್ಜಿ ನಮಗಿಂತ ಮೊದಲು ಆಟೋದಲ್ಲಿದ್ದರು.

೪. ಅತ್ತೆಯ ಹೆಮ್ಮೆ

ಬಾಯಿಂದ ಕೊಳವೆ ಬಿಟ್ಟು ನೋಡಿದರೆ ಜಠರದಲ್ಲಿ ಹುಣ್ಣು. ರಕ್ತ ಕೊಟ್ಟರು, ಅಜ್ಜಿ ಉಳಿದರು. ಇದು ಮಾತ್ರೆಯ ಕೆಲಸ ಎಂದು ಡಾಕ್ಟರೂ ನಾನೂ ಬಿಡಿಸಿ ಹೇಳಿದೆವು. ಎಲ್ಲಕ್ಕೂ ತಲೆಯಾಡಿಸಿ, ಅಂತೂ ಮದ್ದು ಇಳಿಯಿತಲ್ಲ ಎಂದರು. ಬೀದಿಯಲ್ಲಿ ನಿಂತು ನಿಜ ಹೇಳುತ್ತೇನೆ ಎಂದು ನಾನು ರೇಗಿದರೆ ಸೊಸೆಯೇ ತಡೆದಳು. "ಬುಡಿ ಸಿಸ್ಟರ್. ಉಣ್ತಾವ್ರಲ್ಲ, ಸಾಕು."

ಊರಿಗೆ ಬಂದ ಮರುದಿನ ಅಜ್ಜಿ ಜಗುಲಿಯ ಮೇಲೆ ಸೊಸೆಯನ್ನು ಪಕ್ಕಕ್ಕೆ ಕೂರಿಸಿಕೊಂಡು, ನೋಡಲು ಬಂದ ಹೆಂಗಸರಿಗೆ ಹೇಳುತ್ತಿದ್ದರು:

"ಮದ್ದು ಎಲ್ಲರ ಮನೆ ಸೊಸೇರೂ ಇಕ್ತಾರೆ ಕಣಮ್ಮ. ಬಾಯ್ಬುಟ್ಟು ಒಪ್ಕಂಡೋಳು ನನ್ ಸೊಸೆ ಒಬ್ಳೇಯ."