ಹಾರಬೇಕಿದ್ದ ತಗಡು

ಊರಿಗೆಲ್ಲ ತುಫಾನಿನ ಭಯ. ನಂದೀಶನಿಗೆ ಮಾತ್ರ ತುಫಾನಿನ ಆಸೆ.

ಇದಕ್ಕೆ ಕಾರಣ ಅವನ ತಾರಸಿಯ ಮೇಲಿದ್ದ ತಗಡಿನ ಚಪ್ಪರ. ವಿಶಾಖಪಟ್ಟಣದ ಗುಡ್ಡದ ಓರೆಯಲ್ಲಿದ್ದ ಕಟ್ಟಡದಲ್ಲಿ ಎಲ್ಲಕ್ಕಿಂತ ಮೇಲಿನ ಮನೆ ಅವನದು. ಹಿಂದಿನ ಮಾಲೀಕ ಹೊದಿಸಿ ಹೋಗಿದ್ದ ಆ ತಗಡು ಬೇಸಗೆಯಲ್ಲಿ ರೊಟ್ಟಿ ಹಂಚಿನಂತೆ ಕಾಯುತ್ತಿತ್ತು. ಮಳೆ ಬಂದರೆ ಪಕ್ಕದಲ್ಲಿ ಕೂತವರ ಮಾತೂ ಕೇಳಿಸುತ್ತಿರಲಿಲ್ಲ. ಋಷಿಕೊಂಡದ ಒಂದು ಹೋಟೆಲಿನಲ್ಲಿ ಗಾಜಿನಂಥ ಶೀಟು ಹೊದಿಸಿದ್ದನ್ನು ನೋಡಿ ಬಂದಾಗಿನಿಂದ ನಂದೀಶನ ಕನಸಿಗೆ ಹೊಸ ಸೂರು ಬಂದಿತ್ತು. ಅಂಥದೊಂದು ಶೀಟಿನ ಕೆಳಗೆ ಬೆತ್ತದ ಕುರ್ಚಿ ಹಾಕಿಕೊಂಡು ಒರಗಿದರೆ ಮೋಡಗಳು ಮೇಯಲು ಹೊರಟ ಹಸುಗಳ ಹಾಗೆ ತಲೆಯ ಮೇಲೆ ಸಾಗುತ್ತವೆ, ಹುಣ್ಣಿಮೆಯ ದಿನ ಬೆಳದಿಂಗಳು ನೇರ ಕಾಫಿ ಲೋಟಕ್ಕೇ ಇಳಿಯುತ್ತದೆ. ಹಡಗು ಏಜೆಂಟರ ಕಚೇರಿಯಲ್ಲಿ ದಿನವಿಡೀ ಕಾಗದಪತ್ರದಲ್ಲಿ ಮುಳುಗಿರುವ ಗುಮಾಸ್ತನಿಗೆ ಅಷ್ಟು ಆಕಾಶವಾದರೂ ಬೇಡವೇ?

ಹೆಂಡತಿ ಲಕ್ಷ್ಮೀಪ್ರಸನ್ನ ವಿಜಯವಾಡದ ಭವಾನಿಪುರಂನವಳು. ಅತ್ತೆಯಿಂದ ಕಲಿತ ಅವಳ ಕನ್ನಡ ಅಪ್ಪಟ ಚಿತ್ರದುರ್ಗದ್ದು. ಖಾರ ಮಾತ್ರ ತವರಿನದು.

"ಗಟ್ಟಿಮುಟ್ಟಾಗಿರೋ ತಗಡು ತೆಗ್ಸಾಕೋಕೆ ನಿಮಗೇನು ತಲೆ ಕೆಟ್ಟೈತೇನ್ರಿ? ಗಾಳಿಗೆ ಹಾರಿಹೋದ ದಿನ ಹೊಸಾದು ನೋಡೋಣ" ಎಂದಿದ್ದಳು.

ಆ ಮಾತು ನಂದೀಶನ ತಲೆಯಲ್ಲಿ ಮೊಳಕೆಯೊಡೆಯಿತು. ಮನೆಗೆ ವರ್ಷವರ್ಷವೂ ವಿಮೆ ಮಾಡಿಸುತ್ತಿದ್ದರು. ಅದರ ವ್ಯವಹಾರವೆಲ್ಲ ಲಕ್ಷ್ಮೀಪ್ರಸನ್ನಳದೇ ಆದರೂ, ತುಫಾನು ಕೆಡಿಸಿದ್ದಕ್ಕೆ ಕಂಪನಿಯವರು ಪರಿಹಾರ ಕೊಡುತ್ತಾರೆಂಬುದು ಅವನಿಗೆ ಗೊತ್ತಿತ್ತು. ತಗಡು ತಾನಾಗಿ ಹಾರಿದರೆ ಹೆಂಡತಿಯ ಮಾತೂ ಉಳಿಯಿತು, ಶೀಟೂ ಬಂತು!

ಆ ಕಡಲತೀರದಲ್ಲಿ ತುಫಾನಿನ ಕಾಲಕ್ಕೆ ಮೊದಲೇ ಜನ ಮನೆಯ ಬೋಲ್ಟು ಬಿಗಿ ಮಾಡಿಸುತ್ತಾರೆ, ತಾರಸಿಯ ನೀರಿನ ದಾರಿ ಬಿಡಿಸುತ್ತಾರೆ, ತೆಂಗಿನ ಒಣಗರಿ ಇಳಿಸುತ್ತಾರೆ. ಕಾರ್ತಿಕದ ಪೂಜೆಗೆ ತವರಿಗೆ ಹೊರಟಾಗ ಲಕ್ಷ್ಮೀಪ್ರಸನ್ನ ಇದನ್ನೆಲ್ಲ ಒತ್ತಿ ಒತ್ತಿ ಹೇಳಿಯೇ ಹೋಗಿದ್ದಳು. ನಂದೀಶ ನೀರಿನ ದಾರಿ ಬಿಡಿಸಿದ. ಬೋಲ್ಟಿನ ವಿಷಯ ಮರೆತ. ಮರೆಯಬೇಕೆಂದು ನೆನಪಿಟ್ಟುಕೊಂಡು ಮರೆತ.

ಭಾನುವಾರ ಬೆಳಿಗ್ಗೆ ಟಿವಿಯಲ್ಲಿ ತುಫಾನಿನ ಸುದ್ದಿ ಬಂತು. ರಾತ್ರಿಯ ಹೊತ್ತಿಗೆ ದಡ ಮುಟ್ಟಬಹುದಂತೆ. ಸಮುದ್ರ ಹಾಲು ಬೆರೆಸದ ಚಹಾದ ಬಣ್ಣಕ್ಕೆ ತಿರುಗಿತ್ತು. ನಂದೀಶ ಚಪ್ಪರದ ಕೆಳಗೆ ಕಾಲು ಚಾಚಿ ಕೂತು, ಕಡಕಡ ಅನ್ನುತ್ತಿದ್ದ ತಗಡಿಗೆ ಮನಸ್ಸಿನಲ್ಲೇ 'ಹೋಗಿ ಬಾ' ಹೇಳುತ್ತಿದ್ದ. ಆಗ ಮೆಟ್ಟಿಲ ಮೇಲೆ ಧಡಧಡ ಸದ್ದಾಯಿತು.

ಬಂದವರು ಕೆಳಮನೆಯ ಕಾಮೇಶ್ವರ ರಾವ್. ಬಂದರಿನಲ್ಲಿ ಹಡಗುಗಳನ್ನು ದಡಕ್ಕೆ ಕಟ್ಟಿಸುವ ಕೆಲಸದಿಂದ ನಿವೃತ್ತರಾದವರು. ಹೆಗಲ ಮೇಲೆ ಹೆಬ್ಬಾವಿನಂಥ ಹಗ್ಗ. ನೆರೆಯವರ ಮಾತೆಲ್ಲ ತೆಲುಗಿನಲ್ಲೇ ನಡೆಯಿತು. ನಾವು ಕನ್ನಡದಲ್ಲಿ ಕೇಳಿಸಿಕೊಂಡರೆ ಅವರೇನೂ ಬೇಜಾರು ಮಾಡಿಕೊಳ್ಳುವುದಿಲ್ಲ.

"ಏಮಯ್ಯಾ ನಂದೀಶ್, ತುಫಾನು ಬಾಗಿಲಿಗೆ ಬಂದಿದೆ, ನೀನು ಮದುಮಗನ ಹಾಗೆ ಕೂತಿದ್ದೀಯಲ್ಲ! ಏಳು, ತಗಡು ಕಟ್ಟೋಣ."

"ನಿಮಗ್ಯಾಕೆ ತೊಂದರೆ ರಾವ್‌ಗಾರು? ಅದು ಗಟ್ಟಿಯಾಗೇ ಇದೆ."

ರಾವ್ ತಗಡಿನ ಅಂಚಿಗೆ ಕೈ ಹಾಕಿ ಅಲುಗಿಸಿದರು. ಅದು ಹಾಲುಹಲ್ಲಿನಂತೆ ಅಲುಗಿತು. "ಇದು ಗಟ್ಟಿಯಾ? ಸೀನಿದರೆ ಸಿಂಹಾಚಲಕ್ಕೆ ಹೋಗುತ್ತೆ!"

ಸಿಂಹಾಚಲಕ್ಕೇ ಹೋಗಲಿ ಸ್ವಾಮಿ ಎಂದು ಹೇಳುವ ಹಾಗಿರಲಿಲ್ಲ. ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ತಗಡು ಹೋಗುವುದಿಲ್ಲ. ನಂದೀಶ ಹಗ್ಗದ ತುದಿ ಹಿಡಿದ. ರಾವ್ ನಾಲ್ಕು ಮೂಲೆಗೂ ಹಗ್ಗ ಬಿಗಿದು, ಗಂಟಿನ ಮರ್ಮವನ್ನೂ ವಿವರಿಸಿದರು. "ಜಗ್ಗಿದಷ್ಟೂ ಬಿಗಿಯುತ್ತೆ. ಬಿಚ್ಚಬೇಕಂದರೆ ಈ ಚಿಕ್ಕ ತುದಿ ಎಳೆದರೆ ಸಾಕು, ಮಗು ಕೂಡ ಬಿಚ್ಚಬಹುದು. ಹಡಗುಗಳನ್ನೇ ನಿಲ್ಲಿಸಿದ ಗಂಟು ಇದು!"

ಅಷ್ಟರಲ್ಲಿ ಮೊದಲ ಮಹಡಿಯ ಕೋಟೇಶ್ವರಮ್ಮ ಏದುಸಿರು ಬಿಡುತ್ತಾ ಮೇಲೆ ಬಂದರು. ಅವರ ಹಿಂದೆ ಅದೇ ಮಹಡಿಯ ಬಾಬ್ಜಿ. ಔಷಧ ಕಂಪನಿಯಲ್ಲಿ ಕೆಲಸ, ಬಿಡುವಿನಲ್ಲೆಲ್ಲ ಜಿಮ್ಮು. ಅವನ ತೋಳಿನಲ್ಲಿ ಒಂದು ರುಬ್ಬುವ ಕಲ್ಲು.

"ಹಗ್ಗ ಸಾಲದು ನಾಯನಾ" ಎಂದರು ಕೋಟೇಶ್ವರಮ್ಮ. "ಮೇಲೆ ಭಾರ ಇರಬೇಕು. ಮಿಕ್ಸಿ ಬಂದ ಮೇಲೆ ನಮ್ಮ ಕಲ್ಲಿಗೆ ಕೆಲಸವೇ ಇಲ್ಲ."

"ಅಮ್ಮಾ, ಭಾರಕ್ಕೆ ತಗಡು ಕುಸಿದರೆ?" ನಂದೀಶನ ದನಿಯಲ್ಲಿ ಚಿಂತೆಗಿಂತ ಆಸೆಯೇ ಹೆಚ್ಚಿತ್ತು.

"ಹೌದಲ್ಲ!" ಎಂದ ಬಾಬ್ಜಿ. ಓಡಿಹೋಗಿ ಡ್ರಿಲ್ಲು ತಂದು, ಕೆಳಗೆ ಎರಡು ಕಬ್ಬಿಣದ ಪೈಪು ಆನಿಸಿ, ತುಕ್ಕು ಹಿಡಿದ ಬೋಲ್ಟು ತೆಗೆದು ಹೊಸದನ್ನೂ ಹಾಕಿದ. ಇಡೀ ಕಟ್ಟಡದ ರುಬ್ಬುವ ಕಲ್ಲುಗಳು ಒಂದೊಂದಾಗಿ ಮೇಲೇರಿದವು. ನಂದೀಶ ಯಮಗಂಡಕಾಲ ಎಂದ. ಅದು ಮುಗಿಯುವವರೆಗೆ ಕೋಟೇಶ್ವರಮ್ಮ ಮರಳಿನ ಚೀಲ ತುಂಬಿಸಿದರು. ಸೊಂಟ ನೋವು ಎಂದ. ಅವನನ್ನು ಕುರ್ಚಿಯಲ್ಲಿ ಕೂರಿಸಿ ಅವರೇ ದುಡಿದರು. ಯಾವತ್ತೂ ಇಲ್ಲದ ಈ ಅಕ್ಕರೆ ಇವತ್ತೇ ಯಾಕೆ ಉಕ್ಕಿತೋ ಅವನಿಗೆ ತಿಳಿಯಲಿಲ್ಲ.

ಸಂಜೆ ಎಲ್ಲರೂ ಅದೇ ಚಪ್ಪರದ ಕೆಳಗೆ ಕೂತು ದೋಸೆಹಿಟ್ಟಿನ ಸಣ್ಣ ಬೋಂಡಾ, ಬಿಸಿ ಬಿಸಿ ಪುನುಗುಲು ತಿಂದರು. ಮೋಡದ ಅಂಚಿಗೆ ಅರಿಸಿನ ಹಚ್ಚಿದಂಥ ಬೆಳಕು. ದೂರದ ಹಡಗುಗಳು ನೀರಿನ ಮೇಲಿವೆಯೋ ಗಾಳಿಯಲ್ಲಿವೆಯೋ ಹೇಳಲಾಗದು. ತಮ್ಮದಲ್ಲದ ತಗಡಿಗಾಗಿ ಕೈ ಬೊಬ್ಬೆ ಬರಿಸಿಕೊಂಡ ಈ ಜನರನ್ನು ಕಂಡು ನಂದೀಶನಿಗೆ ನಿಜಕ್ಕೂ ನಾಚಿಕೆಯಾಯಿತು, ಪ್ರೀತಿಯೂ ಬಂತು. ಇರಲಿ ಬಿಡು, ತಗಡೇ ಇರಲಿ ಎಂದುಕೊಂಡ.

ಅವರು ಇಳಿದು ಹೋದರು. ಮೋಡ ಸರಿದು, ತಗಡಿನ ಅಂಚಿನಾಚೆ ಒಂದೇ ಒಂದು ನಕ್ಷತ್ರ ಇಣುಕಿತು. ಪೂರ್ತಿ ನೋಡಬೇಕೆಂದು ನಂದೀಶ ಕತ್ತು ಚಾಚಿದ. ತಗಡು ಅಡ್ಡ ಬಂತು.

ಮನುಷ್ಯನ ಮನಸ್ಸು ಹಾಳಾಗಲು ಅಷ್ಟು ಸಾಕು. ಏಣಿ ಹತ್ತಿ ರುಬ್ಬುವ ಕಲ್ಲುಗಳನ್ನು, ಮರಳಿನ ಚೀಲಗಳನ್ನು ಕೂಸಿನ ಹಾಗೆ ಎತ್ತಿ ಒಂದೊಂದಾಗಿ ಇಳಿಸಿದ. ಇಲ್ಲದ ಸೊಂಟನೋವು ಈಗ ನಿಜವಾಗಿ ಬಂತು. ಸ್ಪ್ಯಾನರು ಹಿಡಿದು ಬೋಲ್ಟು ಕಳಚಿದ. ಗಂಟುಗಳ ಚಿಕ್ಕ ತುದಿ ಎಳೆದ. ರಾವ್ ಹೇಳಿದ್ದು ಸುಳ್ಳಲ್ಲ, ಬೆಣ್ಣೆಯ ಹಾಗೆ ಬಿಚ್ಚಿಕೊಂಡವು. ಒಳಗೆ ಬಂದು ಟಿವಿ ಹಾಕಿದರೆ, ತುಫಾನು ಸಮುದ್ರದಲ್ಲೇ ಬಲ ಕಳೆದುಕೊಂಡು ಬೇರೆ ದಿಕ್ಕು ಹಿಡಿದಿತ್ತು.

ನಂದೀಶ ಮತ್ತೆ ತಾರಸಿಗೆ ಬಂದು ತಲೆಯ ಮೇಲೆ ಕೈಹೊತ್ತು ಕೂತ. ಅಷ್ಟರಲ್ಲಿ, ಹೋಗುವವಳು ಸೆರಗು ಬೀಸಿ ಹೋದ ಹಾಗೆ, ಒಂದೇ ಒಂದು ಗಾಳಿ ಬಂತು. ತಗಡು ಸದ್ದಿಲ್ಲದೆ ಎದ್ದಿತು. ಆತುರವೇ ಇಲ್ಲದೆ ತೆಂಗಿನ ತಲೆಗಳ ಮೇಲೆ ತೇಲಿತು, ಬೀದಿದೀಪಕ್ಕೆ ಒಮ್ಮೆ ಮಿನುಗಿತು. ಯಾರ ತಲೆಯ ಮೇಲೆ ಬೀಳುತ್ತದೋ ಎಂದು ನಂದೀಶ ತಾರಸಿಯ ಅಂಚಿಗೆ ಓಡಿ ಬಗ್ಗಿ ನೋಡಿದ. ಪುಣ್ಯಕ್ಕೆ ಅದು ಹಿಂದಿನ ಖಾಲಿ ಸೈಟಿನಲ್ಲಿ, ಮೆಲುಕು ಹಾಕುತ್ತಿದ್ದ ಎರಡು ಎಮ್ಮೆಗಳ ಮುಂದೆ ಇಳಿಯಿತು. ಎಮ್ಮೆಗಳು ನೋಡಿದವು, ಮತ್ತೆ ಮೆಲುಕು ಹಾಕಿದವು.

ತಲೆಯ ಮೇಲೆ ಪೂರ್ತಿ ಆಕಾಶ! ಅರ್ಧ ಗಂಟೆ ಅದನ್ನೇ ನೋಡುತ್ತಾ ಕೂತಿದ್ದು, ನಂದೀಶ ಹೆಂಡತಿಗೆ ಫೋನ್ ಮಾಡಿದ.

"ಪ್ರಸನ್ನಾ, ತಗಡು ಹಾರಿಹೋಯ್ತು ಕಣೇ! ಏನು ಗಾಳಿ ಅಂತೀಯ! ಹೋಗ್ಲಿ, ವಿಮೆಯವರಿಗೆ ನಾಳೇನೇ ಹೇಳಿಬಿಡೋಣ."

ಆ ಕಡೆಯಿಂದ ಅವಳ ದನಿ ಏರಿತು.

"ಯಾವ ವಿಮೆ ರೀ? ನಮ್ಮನೆ ಗುಡ್ಡದ ಮೇಲೈತೆ, ಅಮ್ಮನ ಮನೆ ಕೃಷ್ಣಾ ನದಿ ಪಕ್ಕ ಐತೆ. ಈ ವರ್ಷ ನಮ್ಮದು ಬಿಟ್ಟು ಅಮ್ಮನ ಮನೆಗೇ ಮಾಡಿಸ್ದೆ. ಅದಕ್ಕೇ ಬೆಳಿಗ್ಗೆ ಎದ್ದ ತಕ್ಷಣ ರಾವ್‌ಗಾರಿಗೆ, ಕೋಟೇಶ್ವರಮ್ಮನೋರಿಗೆ, ಬಾಬ್ಜಿಗೆ ಫೋನ್ ಮಾಡಿ ಕೈ ಮುಗಿದೆ. ನಮ್ಮನೆಯವರು ಕನಸು ಕಾಣ್ತಾ ಕೂತಿರ್ತಾರೆ, ನೀವಾದ್ರೂ ಕಟ್ರಿ ಅಂತ. ಎಲ್ಲಾ ಕಟ್ಟಿದೀವಿ ಅಂದ್ರಲ್ಲ! ಹೆಂಗೆ ಹಾರ್ತು?"

ಅಷ್ಟರಲ್ಲಿ ಮೆಟ್ಟಿಲ ಮೇಲೆ ಮತ್ತೆ ಸದ್ದು. ಬಾಬ್ಜಿ ತಗಡಿನ ಒಂದು ತುದಿ ಹೊತ್ತಿದ್ದ, ಇನ್ನೊಂದು ತುದಿಗೆ ಕಾಮೇಶ್ವರ ರಾವ್. ಬಿದ್ದ ಏಟಿಗೆ ತಗಡು ನಡುವೆ ಗುಳಿಬಿದ್ದಿತ್ತು. ರಾವ್ ಅವರ ಕಣ್ಣು ಒದ್ದೆಯಾಗಿತ್ತು.

"ನನ್ನ ಗಂಟು ಬಿಚ್ಚಿಕೊಂಡಿತಲ್ಲ ನಂದೀಶ್!" ಎಂದರು. "ವಯಸ್ಸಾಯಿತು ನೋಡು, ಕೈಯಲ್ಲಿ ಬಿಗಿ ಇಲ್ಲ. ನಿನಗೆ ಅನ್ಯಾಯ ಮಾಡಿಬಿಟ್ಟೆ."

"ಅಯ್ಯೋ, ನಿಮ್ಮ ಗಂಟಿನದು ಏನೂ ತಪ್ಪಿಲ್ಲ ರಾವ್‌ಗಾರು" ಎಂದ ನಂದೀಶ. ಆ ದಿನ ಅವನ ಬಾಯಿಂದ ಬಂದ ಮೊದಲ ನಿಜ ಅದು. ಮುಂದಿನ ನಿಜ ಹೇಳುವಷ್ಟು ಧೈರ್ಯ ಬರಲಿಲ್ಲ.

"ಇಲ್ಲ, ನನ್ನ ತಪ್ಪು ನಾನೇ ತಿದ್ದುತ್ತೇನೆ. ಹಗ್ಗ ಬೇಡ, ಬೋಲ್ಟೂ ಬೇಡ." ರಾವ್ ಹಿಂದಕ್ಕೆ ತಿರುಗಿ ಕೂಗಿದರು. ಮೆಟ್ಟಿಲಲ್ಲಿ ಪಕ್ಕದ ಬೀದಿಯ ವೆಲ್ಡಿಂಗಿನವನು ತನ್ನ ಯಂತ್ರ ಎಳೆದುಕೊಂಡು ಬರುತ್ತಿದ್ದ. "ಪೈಪಿಗೇ ಬೆಸೆದುಬಿಡೋಣ. ಆಮೇಲೆ ಈ ಮನೆ ಹೋದರೂ ತಗಡು ಹೋಗುವುದಿಲ್ಲ!"

ಫೋನಿನಲ್ಲಿ ಇದನ್ನೆಲ್ಲ ಕೇಳಿಸಿಕೊಂಡ ಲಕ್ಷ್ಮೀಪ್ರಸನ್ನ, "ರಾವ್‌ಗಾರಿಗೆ ನನ್ನ ನಮಸ್ಕಾರ ಹೇಳ್ರಿ" ಎಂದಳು. ನಂದೀಶ ಹೇಳಿದ. ಹೇಳಿ, ಸೊಂಟ ಹಿಡಿದುಕೊಂಡೇ ತಗಡಿನ ಇನ್ನೊಂದು ಮೂಲೆಗೆ ಕೈ ಕೊಟ್ಟ.